ಮಾಸ್ಟರ್ ಟೇಪು ಯಾರ ಹೆಸರಿನಲ್ಲಿದೆ?

ಬ್ಲೂಸ್, ಜಾಝ್ ಮತ್ತು ಎಲೆಕ್ಟ್ರಾನಿಕ್ ಸಂಗೀತದಲ್ಲಿ ದೊಡ್ಡ ಕಂಪನಿಗಳ ಆಸರೆ ಇಲ್ಲದೆ ಕೆಲಸ ಮಾಡಿದ ಕೆಲವರ ಬಗ್ಗೆ ಈ ಹೊತ್ತು ಮಾತಾಡುತ್ತೇನೆ. ಇಂಥವರ ಪರಿಚಯ ಬರೆಯುವವರು ಸಾಮಾನ್ಯವಾಗಿ ಅವರ ಸ್ವಭಾವದಿಂದಲೇ ಶುರು ಮಾಡುತ್ತಾರೆ. ಹಟಮಾರಿಗಳು, ಯಾರಿಗೂ ಸೊಪ್ಪು ಹಾಕದವರು, ಪೇಟೆಯ ಗೊಡವೆಯೇ ಬೇಡವೆಂದವರು ಎಂದು ಹೇಳುತ್ತಾರೆ. ಆದರೆ ಹಟಮಾರಿಗಳಿಗೆ ದೊಡ್ಡ ಕಂಪನಿಗಳಲ್ಲೂ ಬರವಿರಲಿಲ್ಲ. ಅವರ ಹಟದಿಂದ ಕರಾರಿನ ಒಂದು ಸಾಲೂ ಬದಲಾಗಲಿಲ್ಲ. ನನ್ನ ವಾದ ಬೇರೆ. ಸಂಗೀತಗಾರರ ಸ್ವಾತಂತ್ರ್ಯ ಎರಡು ಕಾಲಿನ ಮೇಲೆ ನಿಲ್ಲುತ್ತದೆ. ತಾವು ಮಾಡಿದ್ದರ ಹಕ್ಕುಪತ್ರ ತಮ್ಮ ಹೆಸರಿನಲ್ಲಿರಬೇಕು, ಆ ಹಕ್ಕನ್ನು ಕಾಪಾಡಿ ಬಳಕೆಗೆ ತರುವ ಒಂದು ಕೂಟ ಜೊತೆಗಿರಬೇಕು. ಒಂದಿದ್ದು ಇನ್ನೊಂದಿಲ್ಲದೆ ಹೋದಾಗ ಏನಾಯಿತು ಎನ್ನುವುದಕ್ಕೆ ಕಳೆದ ನೂರು ವರ್ಷಗಳ ದಾಖಲೆ ನಮ್ಮೆದುರಿಗಿದೆ.

1912ರಲ್ಲಿ ಮೆಂಫಿಸ್ ನಗರದಲ್ಲಿ ಬ್ಯಾಂಡ್ ನಡೆಸುತ್ತಿದ್ದ ಡಬ್ಲ್ಯು. ಸಿ. ಹ್ಯಾಂಡಿ ‘ಮೆಂಫಿಸ್ ಬ್ಲೂಸ್’ ಎಂಬ ತಮ್ಮ ರಚನೆಯ ಹಕ್ಕನ್ನು 50 ಡಾಲರಿಗೆ ಮಾರಿಬಿಟ್ಟರು. ಆ ಕಾಲದಲ್ಲಿ ಹಾಡಿನ ವ್ಯಾಪಾರ ಹೆಚ್ಚಾಗಿ ನಡೆಯುತ್ತಿದ್ದುದು ಅಚ್ಚಾದ ಸ್ವರಲಿಪಿಯ ಹಾಳೆಗಳಲ್ಲಿ. ಕೊಂಡವರು ಹಾಳೆಗಳನ್ನು ದೇಶದ ತುಂಬ ಮಾರಿದರು, ಬರೆದವರಿಗೆ ಅದರಿಂದ ಮತ್ತೆ ಏನೂ ಬರಲಿಲ್ಲ. ಆಗಿನ ಅಮೆರಿಕದ ಕಾನೂನಿನಲ್ಲಿ ಕೃತಿಸ್ವಾಮ್ಯದ ಮೊದಲ ಅವಧಿ 28 ವರ್ಷ. ಅದು ಮುಗಿದು 1940ರಲ್ಲಿ ಹಕ್ಕು ಮರಳಿ ಕೈಗೆ ಬರುವ ತನಕ ಹ್ಯಾಂಡಿ ಕಾಯಬೇಕಾಯಿತು. ಆದರೆ ಅವರು ಕಾಯುತ್ತ ಸುಮ್ಮನೆ ಕೂರಲಿಲ್ಲ. ಹ್ಯಾರಿ ಪೇಸ್ ಎಂಬ ಗೆಳೆಯರ ಜೊತೆ ಸೇರಿ ಸ್ವಂತ ಪ್ರಕಾಶನ ತೆರೆದರು. 1914ರ ‘ಸೇಂಟ್ ಲೂಯಿಸ್ ಬ್ಲೂಸ್’ ಆ ಪ್ರಕಾಶನದಿಂದಲೇ ಹೊರಬಂತು. 1925ರಲ್ಲಿ ಬೆಸ್ಸಿ ಸ್ಮಿತ್ ಇದೇ ಹಾಡನ್ನು ಕೊಲಂಬಿಯಾ ಕಂಪನಿಗೆ ಹಾಡಿದರು, ಕಾರ್ನೆಟ್ ನುಡಿಸಿದವರು ಲೂಯಿ ಆರ್ಮ್‌ಸ್ಟ್ರಾಂಗ್. ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಧ್ವನಿಗಳಲ್ಲಿ ಎರಡು ಒಂದೇ ಪ್ಲೇಟಿನಲ್ಲಿ ಸೇರಿದವು. ಬೆಸ್ಸಿ ಅವರಿಗೆ ಕೊಲಂಬಿಯಾ ಕೊಡುತ್ತಿದ್ದುದು ಹಾಡಿಗಿಷ್ಟು ಎಂಬ ಒಂದೇ ಗಂಟು, ರಾಯಲ್ಟಿ ಇಲ್ಲ. ರಚನೆಯ ಹಕ್ಕುದಾರರಿಗೆ ಮಾತ್ರ ಮಾರಾಟವಾದ ಪ್ರತಿಗೆ 2 ಸೆಂಟು ಕೊಡಬೇಕೆಂದು 1909ರ ಕಾನೂನು ಗೊತ್ತುಮಾಡಿತ್ತು. ಅಂದರೆ ಆ ಪ್ಲೇಟಿನಲ್ಲಿ ನಾವು ಇಂದಿಗೂ ಕೇಳುವ ಕಂಠ ಮತ್ತು ಕಾರ್ನೆಟ್ಟಿಗೆ ಕೂಲಿ ಸಂದಿತು, ಪಾಲು ಸಲ್ಲುವ ದಾರಿ ಇದ್ದದ್ದು ಸ್ಟುಡಿಯೋದಲ್ಲಿ ಇಲ್ಲದ ಹ್ಯಾಂಡಿಯವರಿಗೆ. ಅವರಿಗೆ ಅದು ನ್ಯಾಯವಾಗಿಯೇ ಸಲ್ಲಬೇಕಾದದ್ದು. ಬೆಸ್ಸಿ ಅವರಿಗೂ ಸಲ್ಲಬೇಕಿತ್ತು ಎನ್ನುವುದು ನನ್ನ ಮಾತು.

ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಉತ್ತು ಬಿತ್ತಿದವರು ಯಾರೋ, ಪಹಣಿಯಲ್ಲಿ ಹೆಸರು ಇನ್ನಾರದೋ ಎಂಬ ಸಂಕಟವನ್ನು ಕಂಡು, ಅದಕ್ಕಾಗಿ ಕಾನೂನನ್ನೇ ತಿದ್ದಿದ ನಾಡು ನಮ್ಮದು. ಧ್ವನಿಮುದ್ರಣದಲ್ಲಿ ಹೆಸರು ಎರಡು ಕಡೆ ನಮೂದಾಗುತ್ತದೆ, ರಚನೆಗೆ ಒಂದು ಹಕ್ಕು, ಮುದ್ರಣಕ್ಕೆ ಇನ್ನೊಂದು. ಬ್ಲೂಸ್ ಹಾಡಿದವರಲ್ಲಿ ಬಹುಮಂದಿ ಎರಡನ್ನೂ ಕಳೆದುಕೊಂಡರು.

ಹ್ಯಾರಿ ಪೇಸ್ 1921ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ನ್ಯೂಯಾರ್ಕಿನಲ್ಲಿ ಬ್ಲ್ಯಾಕ್ ಸ್ವಾನ್ ಎಂಬ ರೆಕಾರ್ಡ್ ಕಂಪನಿಯನ್ನೇ ತೆರೆದರು. ಒಡೆತನ ಕಪ್ಪುಜನರದು, ಕಲಾವಿದರು ಕಪ್ಪುಜನ, ಸಂಗೀತದ ಉಸ್ತುವಾರಿ ಫ್ಲೆಚರ್ ಹೆಂಡರ್ಸನ್ ಅವರದು. ಎಥೆಲ್ ವಾಟರ್ಸ್ ಅವರ ಪ್ಲೇಟುಗಳು ಅದಕ್ಕೆ ಹೆಸರು ತಂದವು. ಆದರೂ 1924ರ ಹೊತ್ತಿಗೆ ಕಂಪನಿ ಪ್ಯಾರಾಮೌಂಟ್ ಕೈಸೇರಿತು. ರೇಡಿಯೋ ಹಬ್ಬುತ್ತಿತ್ತು, ದೊಡ್ಡ ಕಂಪನಿಗಳೂ ಇದೇ ಪೇಟೆಗೆ ಇಳಿದಿದ್ದವು. ಇನ್ನೊಂದು ಕಾರಣವನ್ನೂ ಮುಚ್ಚಿಡಬಾರದು. ಬ್ಲ್ಯಾಕ್ ಸ್ವಾನಿಗೆ ಮರ್ಯಾದಸ್ಥ ಸಂಗೀತದ ಕಡೆಗೆ ಒಲವು ಹೆಚ್ಚು. ಬೆಸ್ಸಿ ಸ್ಮಿತ್ ಕೊಲಂಬಿಯಾಕ್ಕೆ ಹೋಗುವ ಮೊದಲು ಇವರ ಬಾಗಿಲಿಗೂ ಬಂದಿದ್ದರು, ಇವರು ಬೇಡವೆಂದಿದ್ದರು. ಒಡೆತನವೊಂದು ಕೈಗೆ ಬಂದ ಮಾತ್ರಕ್ಕೆ ಕಿವಿ ತೆರೆದುಕೊಳ್ಳುವುದಿಲ್ಲ.

ಜಾಝ್‌ನಲ್ಲಿ ಒಡೆತನದ ಪ್ರಶ್ನೆ ನೇರವಾಗಿ ಸಂಗೀತದ ಒಳಕ್ಕೇ ಬಂದ ಒಂದು ಪ್ರಸಂಗವಿದೆ. ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಮತ್ತು ಡ್ರಮ್ ವಾದಕ ಮ್ಯಾಕ್ಸ್ ರೋಚ್ 1952ರಲ್ಲಿ ಡೆಬ್ಯು ರೆಕಾರ್ಡ್ಸ್ ಶುರು ಮಾಡಿದರು. ಮರುವರ್ಷ ಮೇ 15ರಂದು ಟೊರಾಂಟೋದ ಮ್ಯಾಸ್ಸಿ ಹಾಲ್‌ನಲ್ಲಿ ಇವರಿಬ್ಬರೂ ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ, ಬಡ್ ಪೊವೆಲ್ ಜೊತೆ ನುಡಿಸಿದರು. ಅದೇ ರಾತ್ರಿ ಹೆವಿವೇಟ್ ಬಾಕ್ಸಿಂಗ್ ಪಂದ್ಯವಿತ್ತು, ಸಭಾಂಗಣ ತುಂಬಲಿಲ್ಲ, ಸಂಘಟಕರ ಬಳಿ ಸಂಭಾವನೆಗೆ ಸಾಕಷ್ಟು ಹಣವಿರಲಿಲ್ಲ. ಕಛೇರಿಯ ಟೇಪು ಮಾತ್ರ ಮಿಂಗಸ್ ಕೈಗೆ ಬಂತು. ಕೇಳಿ ನೋಡಿದರೆ ಅದರಲ್ಲಿ ಅವರ ಬೇಸ್ ನಾದ ಅಲ್ಲಲ್ಲಿ ಕಿವಿಗೇ ಬೀಳದಷ್ಟು ಕ್ಷೀಣ. ನ್ಯೂಯಾರ್ಕಿಗೆ ಮರಳಿದ ಮೇಲೆ ಮಿಂಗಸ್ ತಮ್ಮ ಪಾಲನ್ನು ಮತ್ತೊಮ್ಮೆ ನುಡಿಸಿ ಆ ಟೇಪಿನ ಮೇಲೆ ಸೇರಿಸಿದರು. ಮರ್ಕ್ಯುರಿ ಕಂಪನಿಯ ಕರಾರಿನಲ್ಲಿದ್ದ ಪಾರ್ಕರ್ ಅವರ ಹೆಸರು ಡೆಬ್ಯು ಪ್ಲೇಟಿನ ಮೇಲೆ ‘ಚಾರ್ಲಿ ಚಾನ್’ ಎಂದು ಅಚ್ಚಾಯಿತು. ಈ ಎರಡು ವಿವರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಟೇಪು ಯಾರ ಕೈಯಲ್ಲಿತ್ತೋ ಅವರು ತಮ್ಮ ನಾದವನ್ನು ಕೇಳುವಷ್ಟು ಎತ್ತರಿಸಿಕೊಂಡರು. ಕರಾರಿಗೆ ಕಟ್ಟುಬಿದ್ದವರು, ಆ ಕಾಲದ ಅತ್ಯಂತ ಪ್ರಸಿದ್ಧ ಸ್ಯಾಕ್ಸೋಫೋನ್ ವಾದಕರಾಗಿಯೂ, ಸ್ವಂತ ಹೆಸರನ್ನೇ ಹಾಕಿಕೊಳ್ಳುವಂತಿರಲಿಲ್ಲ. ಡೆಬ್ಯು ಬಾಳಿದ್ದು ಐದೇ ವರ್ಷ. ಪ್ಲೇಟು ಅಚ್ಚು ಹಾಕಿಸಿ ಊರೂರಿಗೆ ತಲುಪಿಸುವ, ಬಾಕಿ ವಸೂಲು ಮಾಡುವ ಭಾರವೆಲ್ಲ ಎರಡು ಮೂರು ಜನರ ಮೇಲೇ ಬಿದ್ದಿತ್ತು.

ಗಾಯಕಿ ಬೆಟ್ಟಿ ಕಾರ್ಟರ್ ಆ ಭಾರವನ್ನು ಹೆಚ್ಚುಕಡಿಮೆ ಎರಡು ದಶಕ ಹೊತ್ತರು. ಅರವತ್ತರ ದಶಕದ ಕೊನೆಗೆ ಕಂಪನಿಗಳು ಜಾಝ್ ಹಾಡುವವರಿಂದ ಪಾಪ್ ಹಾಡುಗಳನ್ನು ಕೇಳತೊಡಗಿದಾಗ ಅವರು ಬೆಟ್-ಕಾರ್ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 1979ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುದ್ರಿಸಿ ಮರುವರ್ಷ ಹೊರತಂದ ‘ದಿ ಆಡಿಯೆನ್ಸ್ ವಿತ್ ಬೆಟ್ಟಿ ಕಾರ್ಟರ್’. ಅದರಲ್ಲೊಂದು ಹಾಡು 25 ನಿಮಿಷಕ್ಕೂ ಮಿಕ್ಕಿದೆ. ಸಾಹಿತ್ಯ ಬಹುಪಾಲು ಕರಗಿಹೋಗಿ ಬರಿಯ ಅಕ್ಷರಗಳಲ್ಲಿ ಕಂಠ ವಾದ್ಯಗಳೊಡನೆ ಮಾತಿಗಿಳಿಯುತ್ತದೆ. ಲಯ ಹಿಗ್ಗುತ್ತದೆ, ಕುಗ್ಗುತ್ತದೆ, ಎಳೆಯ ವಾದಕರು ಅವರ ಕಣ್ಣ ಸನ್ನೆಗೆ ಕಾದು ನುಡಿಸುತ್ತಾರೆ. ಮನೋಧರ್ಮ ಸಂಗೀತಕ್ಕೆ ಹದಗೊಂಡ ನಮ್ಮ ಕಿವಿಗೆ ಇದು ತೀರ ಪರಕೀಯವೇನಲ್ಲ. ರೇಡಿಯೋಕ್ಕೆ ಒಗ್ಗುವಷ್ಟು ಚಿಕ್ಕ ಹಾಡು ಬೇಕೆನ್ನುವ ವ್ಯಾಪಾರ ವಿಭಾಗವೊಂದು ಮೇಲೆ ಕೂತಿದ್ದರೆ ಈ 25 ನಿಮಿಷ ಪ್ಲೇಟಿಗೆ ಬರುತ್ತಿತ್ತೆಂದು ನನಗನಿಸುವುದಿಲ್ಲ. ಎಂಬತ್ತರ ದಶಕದ ಕೊನೆಗೆ ವರ್ವ್ ಕಂಪನಿ ಅವರೊಡನೆ ಕರಾರು ಮಾಡಿಕೊಂಡು ಬೆಟ್-ಕಾರ್‌ನ ಹಳೆಯ ಆಲ್ಬಂಗಳನ್ನೂ ಮತ್ತೆ ಹೊರತಂದಿತು. ಮಾತುಕತೆಗೆ ಕೂರುವಾಗ ಅವರ ಬಳಿ ತಮ್ಮದೇ ಎನ್ನುವ ಆಸ್ತಿಯಿತ್ತು.

ಕೂಟದ ಮಾತಿಗೆ ಬರೋಣ. 1965ರಲ್ಲಿ ಷಿಕಾಗೋ ನಗರದ ದಕ್ಷಿಣ ಭಾಗದಲ್ಲಿ ಮುಹಾಲ್ ರಿಚರ್ಡ್ ಏಬ್ರಮ್ಸ್ ಮತ್ತು ಮೂವರು ಸಂಗಾತಿಗಳು ಎಎಸಿಎಂ ಎಂಬ ಸಂಗೀತಗಾರರ ಸಂಘ ಕಟ್ಟಿದರು. ನೈಟ್‌ಕ್ಲಬ್ಬುಗಳು ಮುಚ್ಚುತ್ತಿದ್ದ ಕಾಲ. ಸಂಘದ ಕಛೇರಿಯಲ್ಲಿ ಸ್ವಂತ ರಚನೆಗಳನ್ನೇ ನುಡಿಸಬೇಕು, ಕಛೇರಿಯ ಏರ್ಪಾಡನ್ನು ತಾವೇ ನೋಡಿಕೊಳ್ಳಬೇಕು, ಓಣಿಯ ಮಕ್ಕಳಿಗೆ ಹಣವಿಲ್ಲದೆ ಕಲಿಸಬೇಕು ಎಂಬುದು ಅವರ ಕಟ್ಟಳೆ. ಮೊದಲನೆಯದು ಮೇಲ್ನೋಟಕ್ಕೆ ಕಲೆಯ ಕಟ್ಟಳೆ. ಒಳಹೊಕ್ಕು ನೋಡಿದರೆ ಆಸ್ತಿಯ ಕಟ್ಟಳೆಯೂ ಹೌದು, ಏಕೆಂದರೆ ಪ್ರತಿ ಕಛೇರಿಯಲ್ಲೂ ಸದಸ್ಯರದೇ ಒಂದು ಹೊಸ ಕೃತಿ ಹುಟ್ಟುತ್ತಿತ್ತು. ರಾಸ್ಕೋ ಮಿಚೆಲ್, ಆಂಥನಿ ಬ್ರಾಕ್ಸ್‌ಟನ್, ವಾಡಾಡಾ ಲಿಯೋ ಸ್ಮಿತ್ ಇಲ್ಲಿಂದ ಬಂದವರು. ಇದೇ ಬಳಗದ ಹೆನ್ರಿ ಥ್ರೆಡ್‌ಗಿಲ್ 2016ರಲ್ಲಿ ಸಂಗೀತದ ಪುಲಿಟ್ಝರ್ ಪ್ರಶಸ್ತಿ ಪಡೆದರು. ಆ ಕೃತಿಯನ್ನು ಹೊರತಂದದ್ದು ನ್ಯೂಯಾರ್ಕಿನ ಪೈ ರೆಕಾರ್ಡಿಂಗ್ಸ್ ಎಂಬ ಪುಟ್ಟ ಸಂಸ್ಥೆ. ಅರ್ಧ ಶತಮಾನ ಉಳಿಯುವ ಶಕ್ತಿ ಒಬ್ಬ ವ್ಯಕ್ತಿಯ ಹಟಕ್ಕೆ ಇರುವುದಿಲ್ಲ, ಸಂಘಕ್ಕಿತ್ತು.

ಇಲ್ಲೊಂದು ಬಲವಾದ ಆಕ್ಷೇಪವಿದೆ. ಡ್ಯೂಕ್ ಎಲಿಂಗ್ಟನ್ ಮತ್ತು ಮೈಲ್ಸ್ ಡೇವಿಸ್ ತಮ್ಮ ಶ್ರೇಷ್ಠ ಕೆಲಸವನ್ನು ದೊಡ್ಡ ಕಂಪನಿಗಳಲ್ಲೇ ಮಾಡಲಿಲ್ಲವೇ, ಕಂಪನಿಯ ಹಣ, ಸ್ಟುಡಿಯೋ, ಜಾಹೀರಾತು ಇಲ್ಲದಿದ್ದರೆ ನಮ್ಮ ತನಕ ಅವರ ಸಂಗೀತ ಬರುತ್ತಿತ್ತೇ ಎಂದು ಕೇಳಬಹುದು. ಮಾತು ನಿಜ. ದೊಡ್ಡ ಕಂಪನಿಯಲ್ಲಿ ದೊಡ್ಡ ಸಂಗೀತ ಹುಟ್ಟಿದೆ. ನನ್ನ ಪ್ರಶ್ನೆ ಹುಟ್ಟಿದ ಮೇಲಿನದು. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋ ಆವರಣದ ಬೆಂಕಿಯಲ್ಲಿ ಮೂಲ ಟೇಪುಗಳ ಉಗ್ರಾಣವೊಂದು ಸುಟ್ಟಿತು. ಎಷ್ಟು ಹೋಯಿತು ಎಂಬುದರ ಬಗ್ಗೆ ಕಂಪನಿಗೂ ಪತ್ರಿಕೆಗಳಿಗೂ ಇನ್ನೂ ತಕರಾರಿದೆ. ತಕರಾರಿಲ್ಲದ ಸಂಗತಿ ಇದು: 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಬರುವ ತನಕ, ಅಲ್ಲಿ ಟೇಪು ಇದ್ದಿರಬಹುದಾದ ಅನೇಕ ಕಲಾವಿದರಿಗೆ ಈ ವಿಷಯವೇ ಗೊತ್ತಿರಲಿಲ್ಲ. ಹಾಡಿದವರಿಗೆ ತಮ್ಮ ಹಾಡಿನ ಮೂಲ ಪ್ರತಿ ಉಳಿದಿದೆಯೋ ಇಲ್ಲವೋ ಎಂದು ಕೇಳುವ ಅಧಿಕಾರವೂ ಇರದ ಏರ್ಪಾಡನ್ನು ಒಳ್ಳೆಯದೆಂದು ನಾನು ಒಪ್ಪಲಾರೆ.

ಇದಕ್ಕಿಂತ ಸೂಕ್ಷ್ಮವಾದ ಆಕ್ಷೇಪ ಸಣ್ಣ ಕಂಪನಿಗಳ ಕುರಿತದ್ದು. ಸ್ವತಂತ್ರ ಸಂಸ್ಥೆ ಎಂಬ ಹಲಗೆ ತೂಗಿಸಿಕೊಂಡ ಎಲ್ಲರೂ ಸಂಗೀತಗಾರರನ್ನು ಸರಿಯಾಗಿ ನಡೆಸಿಕೊಂಡರೇ? ಇಲ್ಲ. ಷಿಕಾಗೋದ ಚೆಸ್ ರೆಕಾರ್ಡ್ಸ್ ಸ್ವತಂತ್ರ ಕಂಪನಿಯೇ. ಅಲ್ಲಿ ಹಾಡು ಬರೆದು, ಬೇಸ್ ನುಡಿಸಿ, ಮುದ್ರಣಗಳನ್ನು ನಿಂತು ನಡೆಸಿದ ವಿಲ್ಲಿ ಡಿಕ್ಸನ್ ತಮ್ಮ ಹಾಡುಗಳ ಹಕ್ಕು ಬಿಡಿಸಿಕೊಳ್ಳಲು ನಡುವಯಸ್ಸು ದಾಟಿದ ಮೇಲೆ ಹೋರಾಡಬೇಕಾಯಿತು. 1985ರಲ್ಲಿ ಅವರು ಲೆಡ್ ಝೆಪೆಲಿನ್ ಎಂಬ ರಾಕ್ ತಂಡದ ಮೇಲೂ ದಾವೆ ಹೂಡಿದರು, ಎರಡು ವರ್ಷದ ಬಳಿಕ ಅದು ರಾಜಿಯಲ್ಲಿ ಮುಗಿಯಿತು. ಇತರ ಬ್ಲೂಸ್ ಕಲಾವಿದರಿಗೆ ಇಂಥ ಹೋರಾಟದಲ್ಲಿ ನೆರವು ಸಿಗಲೆಂದು ಅವರು ಬ್ಲೂಸ್ ಹೆವನ್ ಪ್ರತಿಷ್ಠಾನ ಕಟ್ಟಿದರು. ಚೆಸ್‌ನ ಹಳೆಯ ಸ್ಟುಡಿಯೋ ಕಟ್ಟಡ ಈಗ ಆ ಪ್ರತಿಷ್ಠಾನದ್ದು. ಎಂಬತ್ತರ ದಶಕದಲ್ಲಿ ಅದೇ ಊರಿನಲ್ಲಿ ಹೌಸ್ ಸಂಗೀತವನ್ನು ಹೊರತಂದ ಟ್ರ್ಯಾಕ್ಸ್ ರೆಕಾರ್ಡ್ಸ್ ಕೂಡ ಸ್ವತಂತ್ರ ಕಂಪನಿ. ಅದರ ಮೇಲೆ ಲ್ಯಾರಿ ಹರ್ಡ್ ಮತ್ತು ರಾಬರ್ಟ್ ಓವನ್ಸ್ 2020ರಲ್ಲಿ ದಾವೆ ಹೂಡಿ, 2022ರಲ್ಲಿ ರಾಜಿಯ ಮೂಲಕ ತಮ್ಮ ಮುದ್ರಣಗಳ ಹಕ್ಕನ್ನು ಮರಳಿ ಪಡೆದರು. ಹಾಗಾಗಿ ಕಂಪನಿಯ ಗಾತ್ರ ಅಳತೆಗೋಲಾಗದು. ಹಕ್ಕುಪತ್ರದ ಮೇಲಿನ ಹೆಸರೇ ಅಳತೆಗೋಲು. ಈ ಆಕ್ಷೇಪ ನನ್ನ ವಾದವನ್ನು ಮುರಿಯುವ ಬದಲು ಬಿಗಿ ಮಾಡುತ್ತದೆ.

ಎಲೆಕ್ಟ್ರಾನಿಕ್ ಸಂಗೀತಕ್ಕೆ ಕೂಟವೇ ಬೇಡ, ಯಂತ್ರವೊಂದಿದ್ದರೆ ಒಬ್ಬರೇ ಸಾಕು ಎಂಬ ನಂಬಿಕೆ ಇದೆ. ನನ್ನ ಎರಡನೆಯ ಮಾತಿಗೆ ಅತ್ಯಂತ ಗಟ್ಟಿ ಪುರಾವೆ ಸಿಗುವುದು ಅಲ್ಲೇ. ಲಂಡನ್ನಿನ ಬಿಬಿಸಿ ರೇಡಿಯೋಫೋನಿಕ್ ವರ್ಕ್‌ಶಾಪಿನಲ್ಲಿ ಡೀಲಿಯಾ ಡರ್ಬಿಷೈರ್ 1963ರಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು ಟೇಪಿನ ತುಂಡುಗಳಿಂದ ಕಟ್ಟಿದರು. ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಮುದ್ರಿಸಿ, ಬೇಕಾದ ಉದ್ದಕ್ಕೆ ಕತ್ತರಿಸಿ, ಅಂಟಿಸಿ ಸಾಲು ಮಾಡಿದ ಕೆಲಸ ಅದು. ಸ್ವರ ಬರೆದ ರಾನ್ ಗ್ರೇನರ್ ತಮ್ಮ ರಾಯಲ್ಟಿಯಲ್ಲಿ ಅರ್ಧ ಅವರಿಗೆ ಸಲ್ಲಲಿ ಎಂದರೂ ಸಂಸ್ಥೆಯ ನಿಯಮ ಅಡ್ಡ ಬಂತು. ತೆರೆಯ ಮೇಲೆ ಡರ್ಬಿಷೈರ್ ಅವರ ಹೆಸರು ಬಂದದ್ದು 2013ರಲ್ಲಿ, ಅವರು ತೀರಿಕೊಂಡು 12 ವರ್ಷವಾದ ಮೇಲೆ. ಕೆಲಸ ಮಾಡಲು ಒಳ್ಳೆಯ ಬಳಗ ಇತ್ತು, ಒಡೆತನ ಇರಲಿಲ್ಲ. ಅದೇ ವರ್ಕ್‌ಶಾಪ್ ಕಟ್ಟಿದವರಲ್ಲಿ ಒಬ್ಬರಾದ ಡಾಫ್ನಿ ಓರಮ್ ಒಂದೇ ವರ್ಷದೊಳಗೆ ರಾಜೀನಾಮೆ ಕೊಟ್ಟು ಕೆಂಟ್ ಪ್ರಾಂತದ ಹಳ್ಳಿಮನೆಯಲ್ಲಿ ಸ್ವಂತ ಸ್ಟುಡಿಯೋ ಹೂಡಿದರು. 35 ಮಿಲಿಮೀಟರ್ ಫಿಲ್ಮಿನ ಪಟ್ಟಿಗಳ ಮೇಲೆ ಗೆರೆ ಎಳೆದರೆ ಅದನ್ನು ನಾದವಾಗಿಸುವ ‘ಓರಾಮಿಕ್ಸ್’ ಯಂತ್ರ ಅಲ್ಲಿ ಹುಟ್ಟಿತು. ಯಂತ್ರ ಅವರದು, ಕೃತಿ ಅವರದು. ಆದರೆ ಅದನ್ನು ಕಲಿತು ಮುಂದುವರಿಸುವ ಇನ್ನೊಂದು ಜೊತೆ ಕೈ ಇರಲಿಲ್ಲ. ಇಂದು ಆ ಯಂತ್ರ ನುಡಿಯದ ವಸ್ತುವಾಗಿ ವಸ್ತುಸಂಗ್ರಹಾಲಯದ ಪಾಲಾಗಿದೆ.

ಇಲ್ಲಿ ನಮ್ಮ ದೇಶದ ಚರಣ್‌ಜಿತ್ ಸಿಂಗ್ ಅವರನ್ನು ನೆನೆಯಲೇಬೇಕು. ಮುಂಬೈಯ ಸಿನಿಮಾ ಸಂಗೀತದಲ್ಲಿ ವಾದಕರಾಗಿ ದುಡಿದ ಅವರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು, ಟಿಆರ್-808, ಟಿಬಿ-303 ಮತ್ತು ಜುಪಿಟರ್-8, ಜೋಡಿಸಿಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಗ್ರಾಮಫೋನ್ ಕಂಪನಿ ಅದನ್ನು ಹೊರತಂದಿತು, ಪೇಟೆ ಗಮನಿಸಲಿಲ್ಲ, ಅವರು ತಮ್ಮ ಹಳೆಯ ಕೆಲಸಕ್ಕೆ ಮರಳಿದರು. ಐದು ವರ್ಷದ ನಂತರ ಅದೇ ಟಿಬಿ-303 ಹಿಡಿದು ಷಿಕಾಗೋದ ಫ್ಯೂಚರ್ ಎಂಬ ತಂಡ ಮಾಡಿದ ‘ಆ್ಯಸಿಡ್ ಟ್ರ್ಯಾಕ್ಸ್’ ಒಂದು ಸಂಗೀತ ಪ್ರಕಾರಕ್ಕೇ ನಾಂದಿಯಾಯಿತು. ಯಂತ್ರ ಒಂದೇ. ಪ್ರತಿಭೆಯ ಮಾತಾದರೆ, ಭೈರವಿ, ಲಲಿತ, ಮಾಲ್ಕೌಂಸ್‌ಗಳನ್ನು ಅಷ್ಟು ವೇಗದ ತಾಳದಲ್ಲಿ ಕೆಡದಂತೆ ಹಿಡಿದ ಸಿಂಗ್ ಅವರು ಯಾರಿಗೂ ಕಡಿಮೆಯಲ್ಲ. ಷಿಕಾಗೋದಲ್ಲಿ ಆ ನಾದಕ್ಕೆ ಕುಣಿಯುವ ಕ್ಲಬ್ಬಿತ್ತು, ಟೇಪನ್ನು ರಾತ್ರಿ ನುಡಿಸಿ ನೋಡುವ ಡಿಜೆ ಇದ್ದರು, ಪ್ಲೇಟು ಮಾರುವ ಅಂಗಡಿ, ಅದನ್ನು ಕೇಳಿ ನಾಳೆ ಇನ್ನೊಂದು ಮಾಡಬಲ್ಲ ಹುಡುಗರು ಇದ್ದರು. ಮುಂಬೈಯಲ್ಲಿ ಸಿಂಗ್ ಅವರಿಗೆ ಅಂಥ ಕೂಟವೂ ಇರಲಿಲ್ಲ, ಒಡೆತನವೂ ಇರಲಿಲ್ಲ. 2010ರಲ್ಲಿ ಒಬ್ಬ ಡಚ್ ಸಂಗ್ರಾಹಕರು ಮರುಮುದ್ರಿಸಿದ ಮೇಲಷ್ಟೇ ಜಗತ್ತು ಅದನ್ನು ಕೇಳಿತು. 2015ರಲ್ಲಿ ಅವರು ತೀರಿಕೊಂಡರು.

ಒಡೆತನ, ಕೂಟ ಎರಡೂ ಕೂಡಿ ಬಂದ ಊರು ಡೆಟ್ರಾಯಿಟ್. ಕಾರು ಕಾರ್ಖಾನೆಗಳು ಮುಚ್ಚುತ್ತ ಬಂದ ಆ ಊರಿನಲ್ಲಿ ಹುವಾನ್ ಆಟ್ಕಿನ್ಸ್ 1985ರಲ್ಲಿ ಮೆಟ್ರೋಪ್ಲೆಕ್ಸ್ ಎಂಬ ಸ್ವಂತ ಲೇಬಲ್ ತೆರೆದರು. ಗೆಳೆಯರಾದ ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ತಮ್ಮತಮ್ಮ ಲೇಬಲ್ ಶುರು ಮಾಡಿದರು. ಮುಂದೆ ಮೈಕ್ ಬ್ಯಾಂಕ್ಸ್ ಮತ್ತು ಜೆಫ್ ಮಿಲ್ಸ್ ಕಟ್ಟಿದ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ತಂಡ ಮುಖ ತೋರಿಸುವುದಕ್ಕೂ ಒಲ್ಲೆನೆಂದು, ಪ್ಲೇಟು ಹಂಚುವ ಸಬ್ಮರ್ಜ್ ಎಂಬ ವ್ಯವಸ್ಥೆಯನ್ನು ಸ್ವಂತವಾಗಿ ನಿಲ್ಲಿಸಿತು. 1999ರಲ್ಲಿ ಈ ತಂಡದ ಡಿಜೆ ರೊಲಾಂಡೋ ಅವರ ಹಾಡೊಂದನ್ನು ಸೋನಿಯ ಜರ್ಮನ್ ಶಾಖೆ ಒಪ್ಪಿಗೆಯಿಲ್ಲದೆ ಸ್ವರಕ್ಕೆ ಸ್ವರ ಹೊಂದಿಸಿ ಮತ್ತೆ ಮಾಡಿಸಿದಾಗ, ತಂಡವೂ ಜಗತ್ತಿನಾದ್ಯಂತ ಇದ್ದ ಕೇಳುಗರೂ ಒಟ್ಟಾಗಿ ಎದ್ದು ನಿಂತರು, ಸೋನಿ ಹಿಂದೆ ಸರಿಯಿತು. ಒಬ್ಬರೇ ಇದ್ದಿದ್ದರೆ ವಕೀಲರ ಫೀಸಿನಲ್ಲೇ ಸೋಲುತ್ತಿದ್ದರು.

ಅಂತರ್ಜಾಲ ಬಂದ ಮೇಲೆ ಇದೆಲ್ಲ ಹಳೆಯ ಕತೆಯಲ್ಲವೇ ಎಂಬುದು ಈಗಿನ ಯುವಕರ ಪ್ರಶ್ನೆ. ವಾದ್ಯವೃಂದಕ್ಕಾಗಿ ಬರೆಯುವ ಮರಿಯಾ ಶ್ನೈಡರ್ 2004ರಲ್ಲಿ ‘ಕಾನ್ಸರ್ಟ್ ಇನ್ ದ ಗಾರ್ಡನ್’ ಆಲ್ಬಂ ಅನ್ನು ಕೇಳುಗರಿಂದಲೇ ಹಣ ಕೂಡಿಸಿ ಮಾಡಿದರು. ಅಂಗಡಿಯಲ್ಲಿ ಸಿಗದೆ ಅಂತರ್ಜಾಲದಲ್ಲಷ್ಟೇ ಮಾರಾಟವಾಗಿ ಗ್ರ್ಯಾಮಿ ಗೆದ್ದ ಮೊದಲ ಆಲ್ಬಂ ಅದು. ಅಷ್ಟರ ಮಟ್ಟಿಗೆ ದಾರಿ ತೆರೆದಿರುವುದು ನಿಜ. ಆದರೆ ಇದೇ ಶ್ನೈಡರ್ 2020ರಲ್ಲಿ ಯೂಟ್ಯೂಬ್ ಮೇಲೆ ಕೃತಿಸ್ವಾಮ್ಯದ ದಾವೆ ಹೂಡಬೇಕಾಯಿತು. ಕಲಾವಿದರಿಗೆ ಹೆಚ್ಚಿನ ಪಾಲು ಕೊಡುತ್ತ ಬಂದ ಬ್ಯಾಂಡ್‌ಕ್ಯಾಂಪ್ ಎಂಬ ಸಂಗೀತ ಮಾರಾಟದ ಜಾಲತಾಣ 2022ರಲ್ಲಿ ಒಂದು ಗೇಮ್ ಕಂಪನಿಗೆ, ಮರುವರ್ಷ ಇನ್ನೊಂದು ಕಂಪನಿಗೆ ಮಾರಾಟವಾಯಿತು, ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡರು. ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ 2024ರಿಂದ ಹಣ ಕೊಡುತ್ತಿಲ್ಲ. ಹಾಡು ನಿಮ್ಮ ಹೆಸರಿನಲ್ಲೇ ಇದ್ದರೂ ಅದು ಹೋಗುವ ದಾರಿಯ ಸುಂಕ ಇನ್ನೊಬ್ಬರು ಗೊತ್ತುಮಾಡುತ್ತಾರೆ. ಅದನ್ನು ಒಬ್ಬರೇ ನಿಂತು ಪ್ರಶ್ನಿಸಲಾಗದು, ಕೂಟ ಬೇಕು.

ಕರ್ನಾಟಕಕ್ಕೂ ಈ ಲೋಕಕ್ಕೂ ಸಂಬಂಧ ಇಲ್ಲದಿಲ್ಲ. ಬೆಂಗಳೂರಿನ ಟಿ. ಎ. ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ಗಾಯಕಿ ಆರ್. ಎ. ರಮಾಮಣಿ ಮತ್ತು ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಸೇರಿ 1983ರಲ್ಲಿ ಮಾಡಿದ ‘ಜ್ಯೋತಿ’ ಮ್ಯೂನಿಕ್‌ನ ಇಸಿಎಂ ಎಂಬ ಸ್ವತಂತ್ರ ಸಂಸ್ಥೆಯಿಂದ ಬಂತು. ಕದ್ರಿ ಗೋಪಾಲನಾಥ್ ಅವರು ರುದ್ರೇಶ್ ಮಹಂತಪ್ಪ ಜೊತೆ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂದದ್ದು, ಆಗಲೇ ಹೇಳಿದ, ಥ್ರೆಡ್‌ಗಿಲ್ ಅವರ ಕೃತಿಯನ್ನು ಹೊರತಂದ ಪೈ ರೆಕಾರ್ಡಿಂಗ್ಸ್‌ನಿಂದಲೇ. ನಮ್ಮ ಕಾನೂನಿನ ಸ್ಥಿತಿ ಬೆಸ್ಸಿ ಸ್ಮಿತ್ ಕಾಲಕ್ಕಿಂತ ಎಷ್ಟೋ ಮೇಲು. 2012ರ ತಿದ್ದುಪಡಿಯ ನಂತರ ಗೀತೆ ಬರೆದವರು ಮತ್ತು ರಾಗ ಹಾಕಿದವರು ತಮ್ಮ ರಾಯಲ್ಟಿಯ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡುವಂತಿಲ್ಲ. ಹಾಡಿದವರಿಗೂ ನುಡಿಸಿದವರಿಗೂ ವಾಣಿಜ್ಯ ಬಳಕೆಯಲ್ಲಿ ಪಾಲಿದೆ. ಧ್ವನಿಮುದ್ರಣದ ಒಡೆತನ ಮಾತ್ರ ಅದರ ನಿರ್ಮಾಪಕರದು. ಹಾಗಾದರೆ ಸ್ವಂತ ಖರ್ಚಿನಲ್ಲಿ, ಸ್ವಂತ ಕೋಣೆಯಲ್ಲಿ ಹಾಡು ಮುದ್ರಿಸುವ ಇಂದಿನ ಕನ್ನಡದ ಯುವ ಸಂಗೀತಗಾರರು ಕಾನೂನಿನ ಕಣ್ಣಿನಲ್ಲಿ ನಿರ್ಮಾಪಕರೇ, ಒಡೆಯರೇ. ಒಡೆಯರಾದ ಕೂಡಲೇ ಹಳೆಯ ಪ್ರಶ್ನೆ ಅವರ ಕಡೆಗೆ ತಿರುಗುತ್ತದೆ: ಅವರ ಹಾಡಿಗೆ ಕೊಳಲು ನುಡಿಸಿಕೊಟ್ಟವರ, ಬೇಸ್ ಹಿಡಿದವರ, ಬೀಟ್ ಕಟ್ಟಿಕೊಟ್ಟ ಗೆಳೆಯರ ಪಾಲು ಎಷ್ಟು? ಸ್ನೇಹದಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ, ಹಾಡು ಜಾಹೀರಾತಿಗೋ ಸಿನಿಮಾಕ್ಕೋ ಹೋದ ದಿನ ಜಗಳವಾಗುತ್ತದೆ. ಆದ್ದರಿಂದ ಸಭೆಯಲ್ಲಿರುವ ಯುವ ಸಂಗೀತಗಾರರಲ್ಲಿ ನನ್ನದೊಂದು ವಿನಂತಿ. ಮುದ್ರಣಕ್ಕೆ ಕೂರುವ ಮುಂಚೆಯೇ, ಕನ್ನಡದಲ್ಲೇ, ಒಂದು ಪುಟದ ಒಪ್ಪಂದ ಬರೆದುಕೊಳ್ಳಿ. ರಚನೆ ಯಾರದು, ಮುದ್ರಣದಲ್ಲಿ ಯಾರ ಪಾಲು ಎಷ್ಟು, ಮೂಲ ಫೈಲುಗಳು ಯಾರ ಬಳಿ ಇರುತ್ತವೆ, ಅದರ ಇನ್ನೊಂದು ಪ್ರತಿ ಎಲ್ಲಿ, ಒಬ್ಬರು ತೀರಿಕೊಂಡರೆ ಅವರ ಪಾಲು ಯಾರಿಗೆ ಎಂಬುದೆಲ್ಲ ಅದರಲ್ಲಿರಲಿ. ನುಡಿಸಿದ ಪ್ರತಿಯೊಬ್ಬರ ಸಹಿ ಇರಲಿ.